ಬಾಲ ಎಸೆಯುವ ಇಂಡಿಕಾ: ಒಂದು ಸಿಮ್ಯುಲೇಟರ್ ಕಾರಿನ ಪ್ರಕರಣ ಅಧ್ಯಯನ

ದೂರು

ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜೊಂದರ ನಾಲ್ವರು ಮೆಕ್ಯಾನಿಕಲ್ ವಿದ್ಯಾರ್ಥಿಗಳು ಕೊನೆಯ ವರ್ಷದ ಪ್ರಾಜೆಕ್ಟಿಗೆಂದು ಹಳೆಯ ಟಾಟಾ ಇಂಡಿಕಾ ಡೀಸೆಲ್ ಕಾರನ್ನು ‘ಅಸೆಟ್ಟೊ ಕೋರ್ಸಾ’ ಎಂಬ ಕಾರು ಓಡಿಸುವ ಕಂಪ್ಯೂಟರ್ ಆಟದೊಳಗೆ ಕಟ್ಟಿದರು. ಹೊರಮೈ ಚೆನ್ನಾಗಿಯೇ ಬಂತು, ಡ್ಯಾಶ್‌ಬೋರ್ಡಿನ ಮೇಲಿನ ಗಣಪನವರೆಗೆ. ಓಡಿಸಿದರೆ ಮಾತ್ರ ಅದು ಇಂಡಿಕಾ ಆಗಿರಲಿಲ್ಲ. ಎರಡನೇ ಗೇರಿನಲ್ಲಿ 45ರಿಂದ 50 ಕಿ.ಮೀ. ವೇಗದಲ್ಲಿ ತಿರುವಿಗೆ ಇಳಿದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಸಾಕು, ಹಿಂಭಾಗ ಹೊರಕ್ಕೆ ಎಸೆದು ಗಾಡಿ ಬಂದ ದಾರಿಗೇ ಮುಖಮಾಡಿ ನಿಲ್ಲುತ್ತಿತ್ತು.

ಕಾರಿನ ಮಾಲೀಕರು ಅದನ್ನು ವರ್ಷಗಟ್ಟಲೆ ಟ್ಯಾಕ್ಸಿಯಾಗಿ ಓಡಿಸಿದವರು. ಪರದೆಯ ಮುಂದೆ ಕೂತು ಮೂರು ಸಲ ತಿರುಗಿ ನಿಂತ ಮೇಲೆ ಅವರು ಹೇಳಿದ್ದು ಇಷ್ಟು: “ತಮ್ಮಾ, ನಮ್ ಗಾಡಿ ಜಾಸ್ತಿ ಸ್ಪೀಡಿದ್ರ ಮೂತಿ ಹೊರಗ ಎಳಿತೈತಿ. ಬಾಲ ಎಸಿಯಂಗಿಲ್ಲ.” ಪ್ರಾಜೆಕ್ಟ್ ವರದಿಯ ಎಷ್ಟೋ ಪುಟಗಳಿಗಿಂತ ಈ ಮಾತಿನಲ್ಲಿ ಹೆಚ್ಚು ಮಾಹಿತಿಯಿತ್ತು. ಮೂತಿ ಹೊರಗೆ ಎಳೆಯುವುದು ಅಂಡರ್‌ಸ್ಟೀರ್, ಬಾಲ ಎಸೆಯುವುದು ಓವರ್‌ಸ್ಟೀರ್. ನಿಜದ ಕಾರು ಮೊದಲನೆಯದನ್ನು ಮಾಡುತ್ತಿತ್ತು, ಆಟದ ಕಾರು ಎರಡನೆಯದನ್ನು.

ವಿದ್ಯಾರ್ಥಿಗಳು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಹಿಂದಿನ ಟೈರಿನ ಹಿಡಿತದ ಅಂಕಿಯನ್ನು 1.0ರಿಂದ 1.15ಕ್ಕೆ, ಆಮೇಲೆ 1.25ಕ್ಕೆ ಏರಿಸಿದರು. ಈಗ ಬಾಲ ನಿಂತಿತು, ಆದರೆ ಗಾಡಿ ತಿರುವಿಗೆ ಬಗ್ಗಲಿಲ್ಲ. ಸರಿ, ಮುಂದಿನದನ್ನೂ 1.25 ಮಾಡಿದರು. ಆಗ ಬಿಗಿ ತಿರುವೊಂದರಲ್ಲಿ ಕಾರು ಒಳಬದಿಯ ಎರಡೂ ಚಕ್ರ ಎತ್ತಿ ಮಗುಚಿಕೊಂಡಿತು. ಇದು ಆಟದ ದೋಷವಲ್ಲ. ಟ್ರ್ಯಾಕ್ (ಎಡ ಬಲ ಚಕ್ರಗಳ ನಡುವಿನ ಅಂತರ) 1.4 ಮೀಟರ್, ಗುರುತ್ವ ಕೇಂದ್ರದ ಎತ್ತರ ಅವರು ಊಹಿಸಿ ಹಾಕಿದ್ದು 0.60 ಮೀಟರ್. ಟ್ರ್ಯಾಕನ್ನು ಎತ್ತರದ ಎರಡರಷ್ಟರಿಂದ ಭಾಗಿಸಿದರೆ 1.17 ಬರುತ್ತದೆ, ಅಂದರೆ 1.17 ಜಿ (ಗಾಡಿಯ ತೂಕದ 1.17 ಪಟ್ಟು) ಅಡ್ಡಬಲಕ್ಕೆ ಈ ಗಾಡಿ ಉರುಳಲೇಬೇಕು. ರಸ್ತೆಯಲ್ಲಿ ಸಾಮಾನ್ಯ ಕಾರು ಉರುಳದಿರುವುದು ಅದರ ಟೈರು ಅಷ್ಟು ಹಿಡಿಯುವುದೇ ಇಲ್ಲ, 0.8–0.9 ಜಿ ಹೊತ್ತಿಗೆ ಜಾರಿಬಿಡುತ್ತದೆ ಎಂಬ ಕಾರಣಕ್ಕೆ. ಟೈರಿಗೆ 1.25 ಕೊಟ್ಟವರು ಜಾರುವ ಮುಂಚೆ ಉರುಳುವ ಕಾರನ್ನು ತಯಾರಿಸಿದ್ದರು.

ಟೈರಿನ ಅಂಕಿಗಳಿಗೆ ಕೈ ಹಾಕುವ ಚಟಕ್ಕೆ ಕಾರಣವಿದೆ. ಕಾರಿನ ಕಡತಗಳಲ್ಲಿ ಮನೆಯಲ್ಲಿ ಅಳೆಯಲು ಅತಿ ಕಷ್ಟವಾದದ್ದು ಅದು, ಆದ್ದರಿಂದ ‘ತಪ್ಪು’ ಎಂದು ಯಾರೂ ಸುಲಭಕ್ಕೆ ಹೇಳಲಾರದ್ದೂ ಅದೇ. ಬೇರೆ ಕಡೆಯ ತಪ್ಪೆಲ್ಲ ಕೊನೆಗೆ ಅಲ್ಲಿ ಬಂದು ಅಡಗುತ್ತದೆ. ಈ ಪ್ರಕರಣದಲ್ಲಿ ಪಟ್ಟು ಹಿಡಿದದ್ದು ಒಂದೇ: ತೂಗಬಹುದಾದ್ದು, ಅಳೆಯಬಹುದಾದ್ದು ಎಲ್ಲ ಮುಗಿಯುವವರೆಗೆ ಟೈರ್ ಕಡತ ತೆರೆಯಕೂಡದು. ಹಿಡಿತವನ್ನು ಮೊದಲಿದ್ದ 1.0ಕ್ಕೇ ಮರಳಿಸಿ ಕೆಲಸ ಶುರುವಾಯಿತು.

ಬದಲಾಗದ ಬದಲಾವಣೆ

ಇಟಲಿಯ ಕುನೋಸ್ ಸಿಮುಲಾಜಿಯೋನಿ ಸಂಸ್ಥೆ ಅಸೆಟ್ಟೊ ಕೋರ್ಸಾದ ಪೂರ್ಣ ಆವೃತ್ತಿಯನ್ನು ಹೊರತಂದದ್ದು 2014ರ ಡಿಸೆಂಬರಿನಲ್ಲಿ. ಇಂಥ ಕೆಲಸಕ್ಕೆ ಇನ್ನೂ ಅದನ್ನೇ ಹಿಡಿಯುವುದು ಕಾರಿನ ಇಡೀ ಭೌತಶಾಸ್ತ್ರ ಸಾದಾ ಪಠ್ಯ ಕಡತಗಳಲ್ಲಿ ಇರುವುದರಿಂದ. ತೂಕ ಮತ್ತು ಜಡತ್ವಕ್ಕೆ ಕಾರ್.ಐಎನ್‌ಐ, ಸ್ಪ್ರಿಂಗು ತೋಳುಗಳಿಗೆ ಸಸ್ಪೆನ್ಷನ್ಸ್.ಐಎನ್‌ಐ, ಗೇರು ಡಿಫರೆನ್ಷಿಯಲ್ಲಿಗೆ ಡ್ರೈವ್‌ಟ್ರೇನ್.ಐಎನ್‌ಐ, ಹೀಗೆ. ನೋಟ್‌ಪ್ಯಾಡಿನಲ್ಲಿ ತೆರೆದು ಅಂಕಿ ಬದಲಿಸಿದರೆ ಆಯಿತು. ಬೀಮ್‌ಎನ್‌ಜಿ ಇನ್ನೊಂದು ಜಾತಿಯ ಆಟ. ಅಲ್ಲಿ ಕಾರನ್ನು ಬಿಂದು ಮತ್ತು ಕಂಬಿಗಳಿಂದ ಹೆಣೆಯಬೇಕು, ಒಂದು ಸ್ಪ್ರಿಂಗ್ ಬದಲಿಸಿ ಫಲ ನೋಡುವುದು ಅಷ್ಟು ನೇರವಲ್ಲ.

ಇಲ್ಲೊಂದು ಹಳೆಯ ಬಲೆ ಇದೆ. ಬಿಚ್ಚಿದ ಕಡತಗಳ ‘ಡೇಟಾ’ ಫೋಲ್ಡರ್ ಪಕ್ಕದಲ್ಲಿ ಅವೇ ಕಡತಗಳನ್ನು ಕಟ್ಟಿಟ್ಟ ಡೇಟಾ.ಎಸಿಡಿ ಉಳಿದಿದ್ದರೆ ಆಟ ಓದುವುದು ಆ ಗಂಟನ್ನು, ಫೋಲ್ಡರನ್ನಲ್ಲ. ವಿದ್ಯಾರ್ಥಿಗಳ ಮೊದಲ ಕೆಲವು ದಿನಗಳ ತಿದ್ದುಪಡಿಗಳು ಆಟದೊಳಗೆ ಹೋಗಿಯೇ ಇರಲಿಲ್ಲ. ತಮಾಷೆ ಎಂದರೆ ಆ ದಿನಗಳ ಟಿಪ್ಪಣಿಯಲ್ಲಿ ‘ಈಗ ಹಿಂಭಾಗ ಸ್ವಲ್ಪ ಹತೋಟಿಗೆ ಬಂದಿದೆ’ ಎಂದು ಎರಡು ಕಡೆ ಬರೆದಿತ್ತು. ಅನುಭವದ ಮಾತನ್ನು ಗಡಿಯಾರ ಮತ್ತು ಟೇಪಿನಿಂದ ಪರೀಕ್ಷಿಸದೆ ನಂಬಬಾರದು ಎಂದು ಆಮೇಲಿನ ಎಲ್ಲ ಅಳತೆಗಳನ್ನು ಕಟ್ಟುನಿಟ್ಟು ಮಾಡಿದ್ದು ಇದಾದ ಮೇಲೆ. ಎಸಿಡಿ ಕಡತದ ಹೆಸರು ಬದಲಿಸಿ, ತೂಕವನ್ನು ಬೇಕೆಂದೇ 5000 ಕಿಲೋ ಮಾಡಿ, ಗಾಡಿ ಮೇಲೇಳದಂತೆ ಕುಸಿದದ್ದನ್ನು ನೋಡಿದ ಮೇಲೆ ಕಡತ ಓದಿಸಿಕೊಳ್ಳುತ್ತಿದೆ ಎಂದು ಖಾತ್ರಿಯಾಯಿತು.

ಕೂತ ಜಾಗದ ದೋಷ ಬೇಗ ಮುಗಿಯಿತು. ಲಾಜಿಟೆಕ್ ಜಿ29 ಎಂಬ ಆಟದ ಸ್ಟೀರಿಂಗ್ 900 ಡಿಗ್ರಿ ತಿರುಗುತ್ತದೆ, ಅದು ಸರಿಯಾಗಿಯೇ ಇತ್ತು. ಆದರೆ ಕಡತದಲ್ಲಿದ್ದ ಸ್ಟೀರಿಂಗ್ ಅನುಪಾತ (ಚಕ್ರ ಒಂದು ಡಿಗ್ರಿ ತಿರುಗಲು ಸ್ಟೀರಿಂಗ್ ಎಷ್ಟು ಡಿಗ್ರಿ ತಿರುಗಬೇಕು ಎಂಬುದು) 12, ಬೇರೊಬ್ಬರು ಕಟ್ಟಿದ್ದ ರೇಸ್ ಕಾರಿನಿಂದ ನಕಲಾದದ್ದು. ನಿಜದ ಗಾಡಿಯ ಮುಂಚಕ್ರಗಳ ಕೆಳಗೆ ಗ್ರೀಸ್ ಹಚ್ಚಿದ ಎರಡೆರಡು ತಗಡು ಇಟ್ಟು, ಸ್ಟೀರಿಂಗನ್ನು ಒಂದು ಪೂರ್ತಿ ಸುತ್ತು ತಿರುಗಿಸಿ ಚಕ್ರ ಎಷ್ಟು ಡಿಗ್ರಿ ತಿರುಗಿತೆಂದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಅಳೆದರೆ 20 ಡಿಗ್ರಿ. ಅನುಪಾತ 18. ಅಂದರೆ ಆಟದಲ್ಲಿ ಕೈಯ ಪ್ರತಿ ಅಲುಗಾಟವೂ ಒಂದೂವರೆ ಪಟ್ಟು ಆಗಿ ಚಕ್ರಕ್ಕೆ ತಲುಪುತ್ತಿತ್ತು. ಪರದೆ ದೊಡ್ಡ ಟಿ.ವಿ., ಅದರ ಚಿತ್ರ ಸುಧಾರಣೆಯ ಸೌಲಭ್ಯಗಳು ಚಾಲೂ ಇದ್ದವು, ಹೀಗಾಗಿ ಚಿತ್ರ ತಡವಾಗಿ ಬರುತ್ತಿತ್ತು. ಗೇಮ್ ಮೋಡ್ ಹಾಕುವುದಕ್ಕಿಂತ 24 ಇಂಚಿನ ಮಾನಿಟರ್ ತರುವುದೇ ಲೇಸೆಂದು ಬದಲಿಸಲಾಯಿತು. 70 ಸೆಂ.ಮೀ. ದೂರ ಕೂತರೆ, 30 ಸೆಂ.ಮೀ. ಎತ್ತರದ ಪರದೆಗೆ ಲೆಕ್ಕದ ಪ್ರಕಾರ ಲಂಬ ನೋಟದ ಕೋನ 24 ಡಿಗ್ರಿ. ಅವರು ಇಟ್ಟುಕೊಂಡಿದ್ದದ್ದು ಅದರ ಎರಡು ಪಟ್ಟಿಗೂ ಹೆಚ್ಚು. ಕೋನ ಅಗಲವಾದಷ್ಟು ಕಾರಿನ ಅಡ್ಡ ತಿರುಗಾಟ ಪರದೆಯಲ್ಲಿ ಚಿಕ್ಕದಾಗಿ ಕಾಣುತ್ತದೆ, ಬಾಲ ಹೋದದ್ದು ಗೊತ್ತಾಗುವುದೇ ತಡ. ಕೊನೆಗೆ 30 ಡಿಗ್ರಿಗೆ ರಾಜಿಯಾದರು, 24ರಲ್ಲಿ ಡ್ಯಾಶ್‌ಬೋರ್ಡ್ ಕಾಣದು ಎಂಬ ಗೊಣಗಾಟದಿಂದ. ಟೈರಿನ ಬಲವನ್ನು ಸ್ಟೀರಿಂಗಿನ ಮೂಲಕ ಕೈಗೆ ಮುಟ್ಟಿಸುವುದು ಫೋರ್ಸ್ ಫೀಡ್‌ಬ್ಯಾಕ್, ಅದನ್ನು ಪರದೆಯಲ್ಲಿ ತೋರಿಸುವ ಪಟ್ಟಿ ತಿರುವಿನುದ್ದಕ್ಕೂ ಕೆಂಪಾಗೇ ಇತ್ತು. ಬಲ ಗರಿಷ್ಠಕ್ಕೆ ತಾಕಿ ಚಪ್ಪಟೆಯಾದರೆ ಟೈರು ಜಾರುವ ಮುನ್ನ ಸ್ಟೀರಿಂಗ್ ಹಗುರಾಗುವ ಸೂಚನೆ ಕೈಗೆ ಬರುವುದಿಲ್ಲ. ಗೇನ್ ಇಳಿಸಿ ಅತಿ ಬಿಗಿ ತಿರುವಿನಲ್ಲೂ ಕೆಂಪಾಗದಂತೆ ಮಾಡಲಾಯಿತು.

ಇಷ್ಟಾದ ಮೇಲೆ ಓಡಿಸುವವರು ತಿರುಗಿ ನಿಲ್ಲುವ ಮುಂಚೆ ಎರಡು ಸಲದಲ್ಲಿ ಒಂದು ಸಲ ಸಾವರಿಸಿಕೊಳ್ಳತೊಡಗಿದರು. ಬಾಲ ಎಸೆಯುವುದು ಮಾತ್ರ ಹಾಗೇ ಇತ್ತು.

ಜೋಳದ ತಕ್ಕಡಿಯ ಮೇಲೆ ಕಾರು

ಮೆಕ್ಕೆಜೋಳದ ಊರಲ್ಲಿ ತೂಕದ ಯಂತ್ರಕ್ಕೆ ಬರವಿಲ್ಲ. ಮೊದಲು ಲಾರಿ ತೂಗುವ ವೇಬ್ರಿಡ್ಜಿಗೆ ಹೋದರು. ಇಡೀ ಗಾಡಿ, ಆಮೇಲೆ ಮುಂದಿನ ಚಕ್ರಗಳಷ್ಟೇ, ಆಮೇಲೆ ಹಿಂದಿನವಷ್ಟೇ, ಹೀಗೆ ಮೂರು ಸಲ ತೂಗಬೇಕು. ಮುಂದು ಹಿಂದು ಕೂಡಿಸಿದರೆ ಇಡೀ ತೂಕಕ್ಕೆ ತಾಳೆಯಾಗಬೇಕು. ಚಾಲಕನ ಜಾಗದಲ್ಲಿ 50 ಮತ್ತು 25 ಕಿಲೋದ ಎರಡು ಅಕ್ಕಿ ಚೀಲ. ಒಟ್ಟು 1100 ಕಿಲೋ, ಮುಂದೆ 680, ಹಿಂದೆ 420. ಮುಂದಿನ ಪಾಲು ಶೇ. 62. ಆಟದ ಕಡತದಲ್ಲಿ ತೂಕ ಎಂದರೆ ಚಾಲಕನನ್ನು ಸೇರಿಸಿ, ಇಂಧನವನ್ನು ಬಿಟ್ಟು. ಟ್ಯಾಂಕಿನಲ್ಲಿದ್ದ 20 ಲೀಟರ್ ಡೀಸೆಲಿಗೆ ಸುಮಾರು 17 ಕಿಲೋ ಕಳೆದು ಬರೆಯಬೇಕು, ಇಲ್ಲದಿದ್ದರೆ ಅದು ಎರಡು ಸಲ ಎಣಿಕೆಯಾಗುತ್ತದೆ.

ಗುರುತ್ವ ಕೇಂದ್ರದ ಎತ್ತರಕ್ಕೆ ವೇಬ್ರಿಡ್ಜ್ ಸಾಲದು. ಹಿಂಚಕ್ರಗಳನ್ನು 60 ಸೆಂ.ಮೀ. ಎತ್ತಿದರೆ 2.4 ಮೀಟರ್ ವೀಲ್‌ಬೇಸಿನ (ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ) ಗಾಡಿ 14.5 ಡಿಗ್ರಿ ವಾಲುತ್ತದೆ, ಆಗ ಮುಂದಕ್ಕೆ ಸರಿಯುವ ತೂಕ 30 ಕಿಲೋದ ಆಸುಪಾಸು. ಐದೈದು ಕಿಲೋ ಲೆಕ್ಕದಲ್ಲಿ ತೋರಿಸುವ ಯಂತ್ರದಲ್ಲಿ ಇದನ್ನು ಅಳೆದರೆ ಎತ್ತರದಲ್ಲಿ 4 ಸೆಂ.ಮೀ. ಹೆಚ್ಚುಕಡಿಮೆಯಾಗುತ್ತದೆ. ಹಾಗಾಗಿ ದಲ್ಲಾಳಿ ಅಂಗಡಿಯ 500 ಕಿಲೋ ಸಾಮರ್ಥ್ಯದ ಎಲೆಕ್ಟ್ರಾನಿಕ್ ತೂಕದ ಯಂತ್ರವನ್ನು ಒಂದು ಮುಂಚಕ್ರದ ಕೆಳಗೆ, ಅಷ್ಟೇ ಎತ್ತರದ ಹಲಗೆಯನ್ನು ಇನ್ನೊಂದರ ಕೆಳಗೆ ಇಟ್ಟು, ಬದಿ ಬದಲಿಸಿ ಎರಡು ಸಲ ತೂಗಲಾಯಿತು. ಎರಡು ಎಚ್ಚರಿಕೆ ಬೇಕೇ ಬೇಕು. ಸ್ಪ್ರಿಂಗುಗಳು ಕುಸಿಯದಂತೆ ಮೊದಲೇ ಮರದ ತುಂಡು ತುರುಕಿ ಸಸ್ಪೆನ್ಷನ್ನನ್ನು ಬಿಗಿಯಬೇಕು, ಮತ್ತು ಹ್ಯಾಂಡ್‌ಬ್ರೇಕ್ ಬಿಟ್ಟು ಗೇರ್ ನ್ಯೂಟ್ರಲ್‌ನಲ್ಲಿರಬೇಕು. ಚಕ್ರ ಬಿಗಿದಿದ್ದರೆ ನೆಲ ಗಾಡಿಯನ್ನು ತಳ್ಳಿ ತೂಕ ಸುಳ್ಳು ಹೇಳುತ್ತದೆ. ಹಾಗೆ ಬಿಟ್ಟ ಗಾಡಿ ಉರುಳದಂತೆ ಚಕ್ರಕ್ಕೆ ತಾಗಿಯೂ ತಾಗದಂತೆ ಅಡೆ ಇಟ್ಟು, ಅಡಿಯಲ್ಲಿ ಯಾರೂ ನುಸುಳದಂತೆ ನೋಡಿಕೊಳ್ಳಬೇಕು. ಲೆಕ್ಕ ಹೀಗೆ: ಮುಂದೆ ಹೆಚ್ಚಿದ 30 ಕಿಲೋವನ್ನು 2.4ರಿಂದ ಗುಣಿಸಿ, 1100 ಗುಣಿಸು 0.258ರಿಂದ (14.5 ಡಿಗ್ರಿಯ ಟ್ಯಾನ್) ಭಾಗಿಸಿದರೆ 0.25. ಅದಕ್ಕೆ ಚಕ್ರದ ಕೇಂದ್ರದ ಎತ್ತರ 0.30 ಕೂಡಿಸಿದರೆ 0.55 ಮೀಟರ್. ಊಹೆಯ 0.60 ಹೋಯಿತು.

ಜಡತ್ವದ ಸಾಲು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಈ ಆಟ ಕಾರನ್ನು ಒಂದು ಗಟ್ಟಿ ಪೆಟ್ಟಿಗೆಯೆಂದು ಭಾವಿಸಿ ಪೆಟ್ಟಿಗೆಯ ಅಗಲ, ಎತ್ತರ, ಉದ್ದ ಕೇಳುತ್ತದೆ. ಲಂಬ ಅಕ್ಷದ ಸುತ್ತ ತಿರುಗುವುದಕ್ಕೆ ಇರುವ ಜಡತ್ವವೆಂದರೆ ತೂಕವನ್ನು 12ರಿಂದ ಭಾಗಿಸಿ, ಅಗಲದ ವರ್ಗ ಮತ್ತು ಉದ್ದದ ವರ್ಗಗಳ ಮೊತ್ತದಿಂದ ಗುಣಿಸಿದ್ದು. ನಕಲು ಕಡತದಲ್ಲಿ ಅಗಲ 1.5, ಉದ್ದ 2.6 ಇತ್ತು. 1100 ಕಿಲೋಗೆ 826 ಬರುತ್ತದೆ. ನಿಜದ ಅಂಕಿಯನ್ನು ಅಂಗಳದಲ್ಲಿ ಅಳೆಯುವುದು ಕಷ್ಟ, ಆದರೆ ಅಂದಾಜಿಗೆ ಒಂದು ದಾರಿ ಉಂಟು. ಗುರುತ್ವ ಕೇಂದ್ರದಿಂದ ಮುಂದಿನ ಆಕ್ಸಲಿಗೆ 0.91 ಮೀಟರ್, ಹಿಂದಿನದಕ್ಕೆ 1.49 ಮೀಟರ್, ಇವೆರಡನ್ನೂ ತೂಕವನ್ನೂ ಗುಣಿಸಿದರೆ ಸುಮಾರು 1490. ಸಾಮಾನ್ಯ ಕಾರುಗಳು ಇದರ ಶೇ. 90ರಿಂದ 100ರೊಳಗೆ ಇರುತ್ತವೆ. ಪೆಟ್ಟಿಗೆಯ ಉದ್ದವನ್ನು 3.6 ಮಾಡಿದಾಗ 1394 ಬಂತು, ಅದನ್ನೇ ಇಟ್ಟುಕೊಂಡರು. ಹಳೆಯ ಅಂಕಿ ಇದರ ಶೇ. 60ರಷ್ಟೂ ಇರಲಿಲ್ಲ. ಬಾಲ ‘ಎಸೆದಂತೆ’ ಅನಿಸುತ್ತಿದ್ದ ಆ ವೇಗದ ದೊಡ್ಡ ಪಾಲು ಇಲ್ಲಿಂದಲೇ. ಜಡತ್ವ ಹೆಚ್ಚಿದರೆ ಜಾರುವುದು ನಿಲ್ಲುವುದಿಲ್ಲ, ನಿಧಾನವಾಗುತ್ತದೆ, ಕೈಗೆ ಸಮಯ ಸಿಗುತ್ತದೆ.

ಸ್ಪ್ರಿಂಗಿನ ಗಟ್ಟಿತನ, ಚಕ್ರದ ಗಟ್ಟಿತನ

ಮುಖ್ಯ ಅಪರಾಧಿ ಇಲ್ಲಿತ್ತು, ಅದೂ ಶ್ರದ್ಧೆಯಿಂದ ಮಾಡಿದ ಅಳತೆಯ ವೇಷದಲ್ಲಿ. ವಿದ್ಯಾರ್ಥಿಗಳು ಗುಜರಿಯಿಂದ ಅದೇ ಮಾದರಿಯ ಹಿಂದಿನ ಸ್ಪ್ರಿಂಗ್ ತಂದು ಕಾಲೇಜಿನ ಲ್ಯಾಬಿನ ಯಂತ್ರದಲ್ಲಿ ಒತ್ತಿ, ಮಿಲಿಮೀಟರಿಗೆ 36 ನ್ಯೂಟನ್ ಎಂದು ಅಳೆದು, 36000 ಎಂದು ಬರೆದಿದ್ದರು. ಅಳತೆ ಸರಿ, ಬರೆದ ಜಾಗ ತಪ್ಪು. ಕಡತದ ಆ ಸಾಲಿನ ಹೆಸರು ‘ಸ್ಪ್ರಿಂಗ್ ರೇಟ್’ ಎಂದಿದ್ದರೂ ಆಟ ಅಲ್ಲಿ ನಿರೀಕ್ಷಿಸುವುದು ವೀಲ್ ರೇಟ್, ಅಂದರೆ ಚಕ್ರವನ್ನು ಒಂದು ಮೀಟರ್ ಮೇಲೆತ್ತಲು ಬೇಕಾಗುವ ಬಲ.

ಇಂಡಿಕಾದ ಹಿಂದಿರುವುದು ಸೆಮಿ ಟ್ರೇಲಿಂಗ್ ತೋಳು, ಅಂದರೆ ಚಕ್ರವನ್ನು ಹಿಡಿದು ಓರೆ ಅಕ್ಷದ ಸುತ್ತ ಮೇಲೆ ಕೆಳಗೆ ಆಡುವ ತೋಳು. ಅದರಲ್ಲಿ ಸ್ಪ್ರಿಂಗ್ ಕೂತ ಜಾಗ ಚಕ್ರಕ್ಕಿಂತ ತೋಳಿನ ಬುಡಕ್ಕೆ ಹತ್ತಿರ. ಬುಡದ ಬುಷ್‌ಗಳ (ರಬ್ಬರ್ ಕೀಲುಗಳ) ಮೂಲಕ ಹಾಯುವ ಅಕ್ಷರೇಖೆಯಿಂದ ನೇರ ಲಂಬವಾಗಿ ಅಳೆದರೆ (ತೋಳಿನ ಉದ್ದಕ್ಕೂ ಅಳೆಯಬಾರದು, ಅಕ್ಷ ಓರೆಯಾಗಿದೆ) ಸ್ಪ್ರಿಂಗಿನ ದೂರ ಚಕ್ರದ ದೂರದ 0.75 ಪಟ್ಟು. ಚಕ್ರ ನಾಲ್ಕು ಸೆಂ.ಮೀ. ಏರಿದರೆ ಸ್ಪ್ರಿಂಗ್ ಮೂರೇ ಕುಗ್ಗುತ್ತದೆ, ಅದರ ಬಲವೂ ಚಕ್ರಕ್ಕೆ ಮುಕ್ಕಾಲು ಭಾಗವಷ್ಟೇ ತಲುಪುತ್ತದೆ. ಹಾಗಾಗಿ 0.75ನ್ನು ಎರಡು ಸಲ ಗುಣಿಸಬೇಕು. 36ಕ್ಕೆ 0.5625 ಪಟ್ಟು ಎಂದರೆ 20.25.

ಈ ಲೆಕ್ಕವನ್ನು ನಂಬದವರಿಗೆ ಅಕ್ಕಿ ಚೀಲ ಸಾಕು. ಹಿಂದಿನ ಆಕ್ಸಲಿನ ನೇರ ಮೇಲೆ 50 ಕಿಲೋದ ಎರಡು ಚೀಲ ಹೇರಿ, ಚಕ್ರದ ಕೇಂದ್ರದಿಂದ ಮಡ್‌ಗಾರ್ಡಿನ ಅಂಚಿನವರೆಗಿನ ಅಂತರ ಎಷ್ಟು ಕಡಿಮೆಯಾಯಿತೆಂದು ನೋಡಿ. ನೆಲದಿಂದ ಅಳೆದರೆ ಟೈರಿನ ಕುಸಿತವೂ ಸೇರಿಬಿಡುತ್ತದೆ. ಪ್ರತಿ ಚಕ್ರಕ್ಕೆ 490 ನ್ಯೂಟನ್, 20.25ರಿಂದ ಭಾಗಿಸಿದರೆ 24 ಮಿ.ಮೀ. ಕುಸಿಯಬೇಕು. ಟೇಪು ಚೀಲ ಹೇರುವಾಗ 23, ಇಳಿಸುವಾಗ 25 ತೋರಿಸಿತು. ಬುಷ್‌ಗಳ ತಿಕ್ಕಾಟ ಎರಡೂ ದಿಕ್ಕಿನಲ್ಲಿ ಸುಳ್ಳು ಹೇಳುತ್ತದೆ, ಆದ್ದರಿಂದ ಪ್ರತಿ ಸಲ ಗಾಡಿಯನ್ನು ಕುಲುಕಿ ಸರಾಸರಿ ಹಿಡಿಯಬೇಕು. ಮುಂದೆ ಚೀಲ ಹೇರಲು ಜಾಗವಿಲ್ಲ, ಬಾನೆಟ್ ಮೇಲಂತೂ ಬೇಡ. ಅಲ್ಲಿ ಮುಂಚಕ್ರದ ಕೆಳಗೆ ತೂಕದ ಯಂತ್ರ ಇಟ್ಟು, ನಡುವಿನ ಕ್ರಾಸ್‌ಮೆಂಬರಿಗೆ ಜಾಕ್ ಕೊಟ್ಟು ಸ್ವಲ್ಪಸ್ವಲ್ಪವೇ ಎತ್ತುತ್ತ ಹೋಗಬೇಕು. ಅಂತರ 10 ಮಿ.ಮೀ. ಹೆಚ್ಚಿದಾಗಲೆಲ್ಲ ಯಂತ್ರದ ತೂಕ ಎಷ್ಟು ಇಳಿಯಿತು ಎಂಬುದೇ ವೀಲ್ ರೇಟ್. 20.4 ಕಿಲೋದಂತೆ ಇಳಿಯಿತು, ಅಂದರೆ ಮಿಲಿಮೀಟರಿಗೆ 20 ನ್ಯೂಟನ್.

36000 ಹಾಕಿದ್ದರಿಂದ ಆದ ಅನಾಹುತವೇನು? ಹಿಂದಿನ ಚಕ್ರವೊಂದರ ಮೇಲಿನ ತೂಗು ಭಾರ (ಚಕ್ರ, ತೋಳುಗಳ ತೂಕ ಬಿಟ್ಟು ಸ್ಪ್ರಿಂಗ್ ಹೊರುವಷ್ಟು) ಸುಮಾರು 174 ಕಿಲೋ. ಈ ಸ್ಪ್ರಿಂಗಿನಲ್ಲಿ ಅದು ಸೆಕೆಂಡಿಗೆ 2.3 ಸಲ ಕುಣಿಯುತ್ತದೆ, ಅದು ರೇಸ್ ಕಾರಿನ ಲಯ. 20250ರಲ್ಲಿ 1.7, ಹಿಂದೆ ಮೂವರನ್ನು ಕೂರಿಸಿ ಡಿಕ್ಕಿ ತುಂಬ ಸಾಮಾನು ಹೇರುವ ಗಾಡಿಗೆ ತಕ್ಕದ್ದು. ಆದರೆ ಬಾಲ ಎಸೆಯುವುದಕ್ಕೆ ಕಾರಣ ಕುಣಿತವಲ್ಲ, ಹೊರಳುವಿಕೆಯ ಹಂಚಿಕೆ. ತಿರುವಿನಲ್ಲಿ ಮೈ ಹೊರಳುವುದನ್ನು ತಡೆಯುವ ಗಟ್ಟಿತನ ಮುಂದೆ ಡಿಗ್ರಿಗೆ 512 ನ್ಯೂಟನ್ ಮೀಟರ್ (ಸ್ಪ್ರಿಂಗಿನದು 342, ಎಡಬಲ ಚಕ್ರಗಳನ್ನು ಜೋಡಿಸುವ ಕಂಬಿಯಾದ ಆಂಟಿ ರೋಲ್ ಬಾರಿನದು 170). ಹಿಂದೆ ಸರಿಯಾದ ಲೆಕ್ಕದಲ್ಲಿ 350ರ ಹತ್ತಿರ. ತಪ್ಪು ಕಡತದಲ್ಲಿ ಸ್ಪ್ರಿಂಗೊಂದೇ 616, ಜೊತೆಗೆ ಈ ಗಾಡಿಯ ಹಿಂದೆ ಇಲ್ಲವೇ ಇಲ್ಲದ ಆಂಟಿ ರೋಲ್ ಬಾರ್ ರೇಸ್ ಕಾರಿನಿಂದ ಹಾಗೇ ಉಳಿದು ಇನ್ನೊಂದು 200. ಮುಂದಿನ ಪಾಲು ಶೇ. 60 ಇರಬೇಕಾದ್ದು ಶೇ. 39ಕ್ಕೆ ಇಳಿದಿತ್ತು.

0.7 ಜಿ ತಿರುವಿನಲ್ಲಿ ಈ ಕಾರಿನ ಒಳಬದಿಯಿಂದ ಹೊರಬದಿಗೆ ಸುಮಾರು 300 ಕಿಲೋ ಸರಿಯುತ್ತದೆ. ಒಟ್ಟು ಸರಿಯುವುದು ಎಷ್ಟೆಂದು ತೀರ್ಮಾನಿಸುವುದು ತೂಕ, ಎತ್ತರ, ಟ್ರ್ಯಾಕ್. ಸ್ಪ್ರಿಂಗು ತೀರ್ಮಾನಿಸುವುದು ಮುಂದೆ ಎಷ್ಟು, ಹಿಂದೆ ಎಷ್ಟು ಎಂಬುದನ್ನು. ತಪ್ಪು ಕಡತದಲ್ಲಿ ಹಿಂದಿನ ಹೊರಚಕ್ರದ ಮೇಲೆ 393 ಕಿಲೋ, ಒಳಚಕ್ರದ ಮೇಲೆ ಬರೀ 25. ಸರಿಪಡಿಸಿದ ಮೇಲೆ 330 ಮತ್ತು 88. ಟೈರಿನ ಮೇಲೆ ಭಾರ ಎರಡರಷ್ಟಾದರೆ ಹಿಡಿತ ಎರಡರಷ್ಟಾಗುವುದಿಲ್ಲ, ಸ್ವಲ್ಪ ಕಡಿಮೆಯೇ. ಆದ್ದರಿಂದ ಭಾರ ಒಂದೇ ಚಕ್ರಕ್ಕೆ ಬಿದ್ದಷ್ಟೂ ಆ ಆಕ್ಸಲ್ ಒಟ್ಟಾರೆ ನಷ್ಟದಲ್ಲಿ. ಆಟ ಇದಕ್ಕೊಂದು ಘಾತಾಂಕ ಬಳಸುತ್ತದೆ. 0.8 ಎಂದಿಟ್ಟು ಲೆಕ್ಕ ಹಾಕಿದರೆ ತಪ್ಪು ಸ್ಪ್ರಿಂಗಿನಲ್ಲಿ ಹಿಂದಿನ ಆಕ್ಸಲ್ ಶೇ. 5ರಷ್ಟು ಹಿಡಿತ ಕಳೆದುಕೊಂಡು, ಮುಂದಿನದು ಶೇ. 1.5ರಷ್ಟು ಗಳಿಸಿತ್ತು. ಆರೂವರೆ ಎಂದರೆ ಏನು ಮಹಾ ಅನಿಸಬಹುದು. ಆದರೆ ಮೂತಿ ಮೊದಲು ಜಾರುತ್ತದೋ ಬಾಲವೋ ಎಂಬುದು ತೀರ್ಮಾನವಾಗುವುದೇ ಇಷ್ಟರೊಳಗೆ.

ಇನ್ನೊಂದು ತೊಡಕು ತೋಳಿನದು. ಈ ಆಟದ ಸಸ್ಪೆನ್ಷನ್ ಬಗೆಗಳಲ್ಲಿ ಸೆಮಿ ಟ್ರೇಲಿಂಗ್ ತೋಳು ಎಂಬುದಿಲ್ಲ. ಮೇಲೊಂದು ಕೆಳಗೊಂದು ತೋಳಿರುವ ಡಬಲ್ ವಿಷ್‌ಬೋನ್ ಬಗೆಯನ್ನೇ ಬಗ್ಗಿಸಿಕೊಳ್ಳಬೇಕು. ಉಪಾಯ ಸರಳ: ಮೇಲಿನ ತೋಳಿನ ಒಳಗಿನ ಎರಡು ಬಿಂದು, ಕೆಳಗಿನದರ ಎರಡು, ಚಕ್ರದ ದಿಕ್ಕು ಹಿಡಿಯುವ ಟೋ ಕಂಬಿಯ ಒಂದು, ಈ ಐದನ್ನೂ ನಿಜದ ತೋಳಿನ ಬುಷ್‌ಗಳ ಮೂಲಕ ಹಾಯುವ ಒಂದೇ ರೇಖೆಯ ಮೇಲೆ ಕೂರಿಸುವುದು. ಆಗ ಚಕ್ರಕ್ಕೆ ಆ ರೇಖೆಯ ಸುತ್ತ ತಿರುಗುವುದು ಬಿಟ್ಟರೆ ಬೇರೆ ದಾರಿಯೇ ಇರುವುದಿಲ್ಲ, ಅದೇ ಸೆಮಿ ಟ್ರೇಲಿಂಗ್ ತೋಳು. ಬಿಂದುಗಳು ಒಂದರ ಮೇಲೊಂದು ಬೀಳದೆ ರೇಖೆಯುದ್ದಕ್ಕೂ ಹರಡಿರಬೇಕು. ಇಂಥ ತೋಳಿನಲ್ಲಿ ಕಾಲು ತೆಗೆದಾಗ ಹಿಂಭಾಗ ಮೇಲೇಳುತ್ತಿದ್ದಂತೆ ಚಕ್ರದ ತಲೆ ಹೊರಕ್ಕೆ ವಾಲಿ ಹಿಡಿತ ತುಸು ಕಡಿಮೆಯಾಗುವುದು ಸಹಜ. ಹಾಗಾಗಿ ಕಾಲು ತೆಗೆದಾಗ ಗಾಡಿ ಏನೂ ಮಾಡಬಾರದು ಎಂಬ ಬೇಡಿಕೆಯೂ ತಪ್ಪು. ಮೂತಿ ಸ್ವಲ್ಪ ಒಳಕ್ಕೆ ಸರಿಯಲೇಬೇಕು.

ಸರಿಪಡಿಸಿದಾಗ ಕೆಟ್ಟದ್ದು

ಡ್ರೈವ್‌ಟ್ರೇನ್ ಕಡತದಲ್ಲಿ ರೇಸ್ ಕಾರಿನ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ (ಎಂಜಿನ್ ತಿರುಗಿಸುವ ಎರಡು ಚಕ್ರಗಳ ವೇಗ ಹೆಚ್ಚು ಬೇರೆಯಾಗದಂತೆ ಬಿಗಿಯುವಂಥದು) ಹಾಗೇ ಇತ್ತು. ಇಂಡಿಕಾದ್ದು ಸಾದಾ ಓಪನ್ ಡಿಫರೆನ್ಷಿಯಲ್, ಹಾಗಾಗಿ ಬಿಗಿತದ ಅಂಕಿಗಳಾದ ಪವರ್, ಕೋಸ್ಟ್, ಪ್ರೀಲೋಡ್ ಮೂರನ್ನೂ ಸೊನ್ನೆ ಮಾಡಿದರು. ಗಾಡಿ ಇದ್ದುದಕ್ಕಿಂತ ಹೆಚ್ಚು ಬಾಲ ಎಸೆಯತೊಡಗಿತು! ಎದೆಗುಂದಬೇಕಾದ್ದೇನೂ ಇರಲಿಲ್ಲ. ಕಾಲು ತೆಗೆದಾಗ ಬಿಗಿಯುವ ಡಿಫರೆನ್ಷಿಯಲ್ ಎರಡೂ ಮುಂಚಕ್ರಗಳನ್ನು ಒಂದೇ ವೇಗಕ್ಕೆ ಎಳೆದು ಗಾಡಿಯನ್ನು ನೇರಕ್ಕೆ ತರುತ್ತದೆ. ಒಂದು ತಪ್ಪು ಇನ್ನೊಂದನ್ನು ಹಿಡಿದುಕೊಂಡಿತ್ತು, ಹಿಡಿದ ಕೈ ಬಿಟ್ಟಾಗ ಅಡಗಿದ್ದು ಹೊರಬಂತು.

ಹೊರಬಂದದ್ದು ಎಂಜಿನ್ ಬ್ರೇಕಿಂಗ್, ಕಾಲು ತೆಗೆದಾಗ ಎಂಜಿನ್ನೇ ಗಾಡಿಯನ್ನು ತಡೆಯುವುದು. ನಿಜದ ಗಾಡಿಯಲ್ಲಿ ಎರಡನೇ ಗೇರಿನಲ್ಲಿ 35 ಕಿ.ಮೀ. ವೇಗಕ್ಕೆ ಹೋಗಿ ಕಾಲು ತೆಗೆದು, ಮುಳ್ಳು 25ಕ್ಕೆ ಇಳಿಯುವುದನ್ನು ಫೋನಿನಲ್ಲಿ ಚಿತ್ರಿಸಿದರೆ 2.4 ಸೆಕೆಂಡ್, ಅಂದರೆ 0.12 ಜಿ. ಆಟದಲ್ಲಿ 1.1 ಸೆಕೆಂಡ್, 0.26 ಜಿ. ನಿಜದಲ್ಲಿ ಕಾಲು ತೆಗೆದಾಗ ಹಿಂದಿನಿಂದ ಮುಂದಕ್ಕೆ ಸರಿಯುವುದು 30 ಕಿಲೋ, ಹಿಂದಿನ ಭಾರದ ಶೇ. 7. ಆಟದಲ್ಲಿ 65 ಕಿಲೋ, ಶೇ. 16. ಎಂಜಿನ್ ಕಡತದ ಕೋಸ್ಟ್ ಟಾರ್ಕ್ ಸಾಲನ್ನು ಇಳಿಸುತ್ತ ಬಂದು 2.4 ಸೆಕೆಂಡಿಗೆ ಕೂರಿಸಿದರು. ಸ್ಪೀಡೋಮೀಟರ್ ಒಂದಿಷ್ಟು ಹೆಚ್ಚು ತೋರಿಸುವುದು ಮಾಮೂಲು, ಆದರೆ ಇಲ್ಲಿ ಬೇಕಾದ್ದು ಎರಡು ಓದುಗಳ ನಡುವಿನ ವ್ಯತ್ಯಾಸ, ಆ ತಪ್ಪು ಅಷ್ಟು ಬಾಧಿಸುವುದಿಲ್ಲ.

ಅಕ್ಕಿ ಗಿರಣಿಯ ಕಣದಲ್ಲಿ ಒಂದು ವೃತ್ತ

ತಿದ್ದಿದ್ದು ನಿಜಕ್ಕೆ ಹತ್ತಿರವಾಯಿತೇ ಎಂದು ನೋಡಲು ಹೋಲಿಕೆ ಬೇಕು. ಸಾರ್ವಜನಿಕ ರಸ್ತೆಯಲ್ಲಿ ಇಂಥ ಪರೀಕ್ಷೆ ಕೂಡದು. ಅಕ್ಕಿ ಗಿರಣಿಯೊಂದರ ಕಾಂಕ್ರೀಟ್ ಕಣ ಸಿಕ್ಕಿತು. ಹೊಟ್ಟು, ದೂಳು ಗುಡಿಸಿ, ಬೆಳಗ್ಗೆ ಬಿಸಿಲೇರುವ ಮುಂಚೆ, 15 ಮೀಟರ್ ತ್ರಿಜ್ಯದ ವೃತ್ತ ಎಳೆದು, ಸ್ಟೀರಿಂಗ್ ಅಂಚಿಗೆ ಡಿಗ್ರಿ ಗುರುತಿಸಿದ ಕಾಗದದ ಪಟ್ಟಿ ಅಂಟಿಸಿದರು. ಓಡಿಸಿದ್ದು ಮಾಲೀಕರೇ. ಪಕ್ಕದಲ್ಲಿ ಕೂತವನು ಪಟ್ಟಿ ಓದುವವನು, ಅವನ 60 ಕಿಲೋವನ್ನು ಆಟದ ತೂಕಕ್ಕೂ ಕೂಡಿಸಲಾಯಿತು. ವೇಗ ಅಳೆಯುವ ಉಪಕರಣ ಬೇಡ, ಒಂದು ಸುತ್ತಿನ ಸಮಯ ಸಾಕು. ಈ ವೃತ್ತಕ್ಕೆ 592ನ್ನು ಸಮಯದ ವರ್ಗದಿಂದ ಭಾಗಿಸಿದರೆ ಅಡ್ಡ ವೇಗೋತ್ಕರ್ಷ ಬರುತ್ತದೆ, ಅದನ್ನು 9.81ರಿಂದ ಭಾಗಿಸಿದರೆ ಜಿ ಲೆಕ್ಕ. 14 ಸೆಕೆಂಡಿಗೆ 0.31 ಜಿ, 11 ಸೆಕೆಂಡಿಗೆ 0.5 ಜಿ, ಗಂಟೆಗೆ ಸುಮಾರು 31 ಕಿ.ಮೀ. ಅದಕ್ಕಿಂತ ವೇಗವಾಗಿ ಹೋಗಲಿಲ್ಲ.

ತೆವಳುವ ವೇಗದಲ್ಲಿ ಸ್ಟೀರಿಂಗ್ 165 ಡಿಗ್ರಿ. ಇದು ಶುದ್ಧ ರೇಖಾಗಣಿತ, 2.4 ಭಾಗಿಸು 15 ಗುಣಿಸು 18, ಡಿಗ್ರಿಗೆ ತರಲು ಗುಣಿಸು 57.3. 0.5 ಜಿಯಲ್ಲಿ ಅದೇ ಗೆರೆ ಹಿಡಿಯಲು 190 ಡಿಗ್ರಿ ಬೇಕಾಯಿತು. ಈ 25 ಡಿಗ್ರಿಯೇ ಮಾಲೀಕರು ಹೇಳಿದ ‘ಮೂತಿ ಹೊರಗ ಎಳಿತೈತಿ’. ಹಳೆಯ ಕಡತದಲ್ಲಿ, ಸ್ಟೀರಿಂಗ್ ಅನುಪಾತವನ್ನಷ್ಟೇ ಸರಿಪಡಿಸಿ ಓಡಿಸಿದಾಗ, 165 ಇದ್ದದ್ದು 163 ಆಗಿತ್ತು. ತಿದ್ದಿದ ಮೇಲೆ 186. ಮೈ ಹೊರಳಿದ ಕೋನಕ್ಕೆ ಮುಂದಿನಿಂದ ತೆಗೆದ ಫೋಟೊದಲ್ಲಿ ನಂಬರ್ ಪ್ಲೇಟಿನ ಅಂಚನ್ನೇ ಅಡ್ಡಗೆರೆ ಮಾಡಿಕೊಂಡರು: ನಿಜದಲ್ಲಿ 2.7 ಡಿಗ್ರಿ, ಆಟದಲ್ಲಿ ಮೊದಲು 1.8, ಆಮೇಲೆ 2.6.

ಈಗ ಟೈರ್ ಕಡತ ತೆರೆಯುವ ಸರದಿ, ಮತ್ತು ಅಲ್ಲಿ ಮಾಡಬೇಕಾದ್ದು ಹೆಚ್ಚೇನೂ ಉಳಿದಿರಲಿಲ್ಲ. ಮೊದಲನೆಯದು ಶಾಖದ ವಕ್ರರೇಖೆ. ರೇಸ್ ಟೈರಿನ ರೇಖೆ 80 ಡಿಗ್ರಿ ಮೇಲೆ ಪೂರ್ತಿ ಹಿಡಿತ ಕೊಟ್ಟು 40ರಲ್ಲಿ ಜಾರಿಸುತ್ತದೆ. ಊರೊಳಗೆ ಓಡುವ 165/80 ಆರ್14 ಟೈರು ಅಷ್ಟು ಬಿಸಿಯಾಗುವ ಪ್ರಸಂಗವೇ ಕಡಿಮೆ. 20ರಿಂದ 80ರವರೆಗೆ ಹೆಚ್ಚುಕಡಿಮೆ ಸಮತಟ್ಟು ಮಾಡಲಾಯಿತು. ಎರಡನೆಯದು ಹಿಡಿತ ಗರಿಷ್ಠವಾಗುವ ಜಾರುಕೋನ, ಅಂದರೆ ಟೈರು ಮುಖಮಾಡಿದ ದಿಕ್ಕಿಗೂ ಅದು ಸಾಗುವ ದಿಕ್ಕಿಗೂ ನಡುವಿನ ಕೋನ. ರೇಸ್ ಟೈರಿನ 7.5 ಡಿಗ್ರಿಯನ್ನು 9.5 ಮಾಡಿದರು. 132 ಮಿ.ಮೀ. ಎತ್ತರದ ಪಕ್ಕೆಯ ಟೈರು ಮೊದಲು ತಿರುಚಿಕೊಂಡು ಆಮೇಲೆ ಜಾರುತ್ತದೆ, ಗರಿಷ್ಠ ದಾಟಿದ ಮೇಲೂ ಹಿಡಿತ ದಿಢೀರೆಂದು ಬೀಳುವುದಿಲ್ಲ. ಮೂರನೆಯದು ಹಿಡಿತ ತಾನೇ. ಕಣದಲ್ಲಿ 40 ಕಿ.ಮೀ. ವೇಗದಿಂದ ಚಕ್ರ ಬಿಗಿದು ನಿಲ್ಲಿಸಿದಾಗ 8.5 ಮೀಟರ್ ಬೇಕಾಯಿತು, ಅಂದರೆ 0.74 ಜಿ. ಬಿಗಿದು ಜಾರುವ ಟೈರಿಗಿಂತ ಉರುಳುವ ಟೈರಿನ ಗರಿಷ್ಠ ತುಸು ಹೆಚ್ಚು, ಹಾಗಾಗಿ ಮುಂದೆ ಹಿಂದೆ ಎರಡಕ್ಕೂ 0.88. ಇಡೀ ಕಾರಿನಲ್ಲಿ ಅತ್ಯಂತ ಸಡಿಲವಾದ ಅಂಕಿ ಇದು. ಗುಡಿಸಿದ ಕಾಂಕ್ರೀಟು ಡಾಂಬರಲ್ಲ, 0.5 ಜಿ ದಾಟಿ ಯಾರೂ ತಿರುಗಿಸಿಯೂ ಇಲ್ಲ. ಆದರೂ ಗಮನಿಸಿ, ಬಾಲ ನಿಲ್ಲಲು 1.25 ಬೇಕೆಂದಿದ್ದ ಕಾರು ಈಗ 0.88ರಲ್ಲಿ ನಿಂತಿದೆ.

ಉಳಿದದ್ದು ಸ್ಪ್ರಿಂಗಿನ ಕುಣಿತ ತಡೆಯುವ ಡ್ಯಾಂಪರ್ (ಶಾಕ್ ಅಬ್ಸಾರ್ಬರ್). ಅಳೆಯುವ ಯಂತ್ರ ಸಿಗದೆ ಲೆಕ್ಕದಿಂದ ಹಾಕಿದ್ದು. ವೀಲ್ ರೇಟನ್ನು ತೂಗು ಭಾರದಿಂದ ಗುಣಿಸಿ, ವರ್ಗಮೂಲ ತೆಗೆದು, 0.6ರಿಂದ ಗುಣಿಸಿದರೆ ಹಿಂದೆ ಸುಮಾರು 1125, ಮುಂದೆ 1470. ಒತ್ತುವಾಗ ಕಡಿಮೆ, ಬಿಚ್ಚುವಾಗ ಹೆಚ್ಚು ಎಂದು ಹಿಂದಿನದನ್ನು 800 ಮತ್ತು 1450 ಎಂದು ಹಂಚಿದರು.

ಮಾಲೀಕರು ಮತ್ತೆ ಕೂತು ಅದೇ ತಿರುವಿನಲ್ಲಿ ಕಾಲು ತೆಗೆದರು. ಮೂತಿ ಒಂದಿಷ್ಟು ಒಳಕ್ಕೆ ಬಂತು, ಬಾಲ ಅಲುಗಿ ಸುಮ್ಮನಾಯಿತು. ಎಡ ತಿರುವು, ಬಲ ತಿರುವು ಎರಡೂ ನೋಡಿ, “ಬಲಕ್ಕ ತಿರುಗಿಸಿದಾಗ ನಮ್ ಗಾಡಿ ಇನ್ನೊಂದ್ ಸಲ ಕುಲುಕ್ತೈತಿ, ಇದು ಕುಲುಕಂಗಿಲ್ಲ” ಎಂದರು. ಗಾಡಿಯ ಕೆಳಗೆ ಟಾರ್ಚ್ ಬಿಟ್ಟು ನೋಡಿದಾಗ ಹಿಂದಿನ ಎಡ ಡ್ಯಾಂಪರ್ ಎಣ್ಣೆ ಸೋರಿ ಒದ್ದೆಯಾಗಿತ್ತು. ಈ ಆಟದ ಕಡತ ಎಡಬಲಕ್ಕೆ ಬೇರೆ ಬೇರೆ ಡ್ಯಾಂಪರ್ ಬರೆಯಲು ಬಿಡುವುದಿಲ್ಲ. ನಿಜದ ಗಾಡಿಗೆ ಹೊಸ ಜೋಡಿ ಹಾಕಿಸಿದ ಮೇಲೆ ಕಣದ ವೃತ್ತವನ್ನು ಎರಡೂ ದಿಕ್ಕಿನಲ್ಲಿ ಮತ್ತೆ ಓಡಿಸಿ, 800 ಮತ್ತು 1450ನ್ನು ಆಗ ಮುಟ್ಟುವುದೆಂದು ಬರೆದಿಟ್ಟಿದ್ದಾರೆ.